‘1873ರ ಅಪರಾಧ’: ಹಣಕಾಸಿನ ಒಂದು ಒಳಸಂಚಿನ ಕಥೆಯ ವಿಮರ್ಶೆ

ಜನಸಾಮಾನ್ಯರ ಹೆಸರಿನಲ್ಲಿ ಎದ್ದ ರಾಜಕೀಯ ಚಳವಳಿಗಳ ಚರಿತ್ರೆಯನ್ನು ಓದುವವರಿಗೆ ಹಣಕಾಸಿನ ಒಳಸಂಚಿನ ಕಥೆಗಳು ಮತ್ತೆ ಮತ್ತೆ ಎದುರಾಗುತ್ತವೆ. ನಮ್ಮ ಬಡತನಕ್ಕೆ ಯಾರೋ ಕೆಲವು ಧನಿಕರು ಗುಟ್ಟಾಗಿ ಸೇರಿ ಹೂಡಿದ ಹಂಚಿಕೆಯೇ ಕಾರಣವೆಂಬ ನಂಬಿಕೆ ಇಂಥ ಕಥೆಗಳ ತಿರುಳು. ವಿದ್ವಾಂಸರಲ್ಲಿ ಕೆಲವರು ಇವನ್ನು ಅಜ್ಞಾನದ ಫಲವೆಂದು ನಕ್ಕು ತಳ್ಳಿಹಾಕಿದ್ದಾರೆ. ಇನ್ನು ಕೆಲವರು, ನೊಂದವರ ಮಾತೆಂಬ ಕಾರಣಕ್ಕೆ, ಅವುಗಳಲ್ಲಿನ ಸುಳ್ಳನ್ನೂ ಮನ್ನಿಸಿದ್ದಾರೆ. ಇವೆರಡೂ ಚರಿತ್ರಕಾರನಿಗೆ ತಕ್ಕ ದಾರಿಗಳಲ್ಲವೆಂಬುದು ನಮ್ಮ ಅಭಿಪ್ರಾಯ. ಅದರ ಸಮರ್ಥನೆಗಾಗಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ‘1873ರ ಅಪರಾಧ’ ಎಂದು ಹೆಸರಾದ ಪ್ರಕರಣವನ್ನು ಇಲ್ಲಿ ಪರಿಶೀಲಿಸುತ್ತೇವೆ.

1873ರ ಫೆಬ್ರವರಿ 12ರಂದು ಅಧ್ಯಕ್ಷ ಗ್ರಾಂಟ್ ಅಂಕಿತ ಹಾಕಿದ ನಾಣ್ಯಶಾಸನವು ಟಂಕಸಾಲೆಗಳ ಆಡಳಿತವನ್ನು ಕ್ರಮಗೊಳಿಸಲು ರಚಿತವಾದ ದೀರ್ಘ ಶಾಸನ. ಅಚ್ಚುಹಾಕಬಹುದಾದ ನಾಣ್ಯಗಳ ಪಟ್ಟಿಯಿಂದ 412½ ಗ್ರೇನ್ ತೂಕದ ಹಳೆಯ ಬೆಳ್ಳಿ ಡಾಲರನ್ನು ಅದು ಬಿಟ್ಟುಬಿಟ್ಟಿತು. ಅದುವರೆಗೆ ಬೆಳ್ಳಿ ತಂದವರಿಗೆಲ್ಲ ಅದನ್ನು ಡಾಲರಾಗಿ ಪಡೆಯುವ ಹಕ್ಕಿತ್ತು. ಆ ಹಕ್ಕು ಸದ್ದಿಲ್ಲದೆ ಹೋಯಿತು. ಆಗ ಇದನ್ನು ಗಮನಿಸಿದವರು ಬಹಳ ಕಡಮೆ. ಅಂತರ್ಯುದ್ಧದ ಕಾಲದಿಂದ ಜನರ ಕೈಯಲ್ಲಿ ಓಡಾಡುತ್ತಿದ್ದುದು ‘ಗ್ರೀನ್‌ಬ್ಯಾಕ್’ ಎಂಬ ಕಾಗದದ ಹಣ. ಮೇಲಾಗಿ, ಬೆಳ್ಳಿ ಡಾಲರಿನ ಲೋಹಕ್ಕೆ ಪೇಟೆಯಲ್ಲಿ ಚಿನ್ನದ ಡಾಲರಿಗಿಂತ ತುಸು ಹೆಚ್ಚೇ ಬೆಲೆಯಿದ್ದುದರಿಂದ ಅದನ್ನು ಅಚ್ಚುಹಾಕಿಸುವವರೂ ವಿರಳರಾಗಿದ್ದರು. ಆದರೆ ಕೆಲವೇ ವರ್ಷಗಳಲ್ಲಿ ಸ್ಥಿತಿ ಬದಲಾಯಿತು. ಜರ್ಮನಿ ಸ್ವರ್ಣಮಾನವನ್ನು ಕೈಗೊಂಡಿತು. ಯೂರೋಪಿನ ಇತರ ರಾಷ್ಟ್ರಗಳು ಬೆಳ್ಳಿಯ ಟಂಕನವನ್ನು ಮಿತಗೊಳಿಸಿದವು. ನೆವಾಡಾದ ಗಣಿಗಳಿಂದ ಬೆಳ್ಳಿ ಹೇರಳವಾಗಿ ಬಂದಿತು. ಬೆಳ್ಳಿಯ ಬೆಲೆ ಇಳಿಯಿತು. ಕಾಗದದ ಹಣಕ್ಕೆ 1879ರಿಂದ ಲೋಹನಾಣ್ಯವನ್ನು ಕೊಡುವುದಾಗಿ 1875ರ ಶಾಸನ ವಾಗ್ದಾನ ಮಾಡಿತ್ತು. ಬೆಳ್ಳಿ ಡಾಲರು ಪಟ್ಟಿಯಲ್ಲಿಲ್ಲದ ಕಾರಣ ಆ ಲೋಹ ಚಿನ್ನವೆಂದೇ ಆಯಿತು.

ಇದರ ಭಾರ ಸಾಲಗಾರ ರೈತನ ಮೇಲೆ ಬಿದ್ದಿತು. ಗೋಧಿ ಬುಷೆಲಿಗೆ ಒಂದು ಡಾಲರಿದ್ದಾಗ ಸಾವಿರ ಡಾಲರು ಸಾಲ ತೆಗೆದವನು ಸಾವಿರ ಬುಷೆಲುಗಳನ್ನು ಮಾರಿದರೆ ಅಸಲು ತೀರುತ್ತಿತ್ತು. 1894ರ ವೇಳೆಗೆ ಬೆಲೆ ಐವತ್ತು ಸೆಂಟುಗಳ ಆಸುಪಾಸಿಗೆ ಇಳಿದಾಗ ಅದೇ ಸಾಲಕ್ಕೆ ಎರಡು ಸಾವಿರ ಬುಷೆಲುಗಳು ಬೇಕಾದವು. ಪತ್ರದಲ್ಲಿ ಸಾಲ ಬೆಳೆಯಲಿಲ್ಲ, ಹೊಲದಲ್ಲಿ ಇಮ್ಮಡಿಯಾಯಿತು. ಈ ಇಳಿತಕ್ಕೆಲ್ಲ ನಾಣ್ಯನೀತಿಯೊಂದೇ ಕಾರಣವೆಂದು ಹೇಳಲಾಗದು. ಹೊಸ ಭೂಮಿಗಳ ಸಾಗುವಳಿ, ರೈಲು ಮತ್ತು ಹಡಗುಗಳ ಸಾಗಣೆ, ಪರದೇಶಗಳ ಪೈಪೋಟಿ ಇವೂ ಕಾರಣಗಳೇ. ಆದರೂ ರೈತನ ಸಂಕಟ ಕಲ್ಪಿತವಾದುದಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು.

ಈ ಸಂಕಟಕ್ಕೆ ಕಥೆಯ ರೂಪ ಕೊಟ್ಟ ಬರಹಗಳಲ್ಲಿ ಎರಡು ಮುಖ್ಯವಾದವು. ಮಿಷಿಗನ್ ಸಂಸ್ಥಾನದ ಸಾರಾ ಎಮೆರಿ 1887ರಲ್ಲಿ ಪ್ರಕಟಿಸಿದ ಪುಸ್ತಿಕೆ, ಅಮೆರಿಕದ ಜನರನ್ನು ಗುಲಾಮರನ್ನಾಗಿ ಮಾಡಿದ ಏಳು ಹಣಕಾಸಿನ ಒಳಸಂಚುಗಳನ್ನು ಎಣಿಸಿಕೊಡುತ್ತದೆ. ಬ್ಯಾಂಕುಗಳ ಶಾಸನ, ಕಾಗದದ ಹಣದ ಸಂಕೋಚನ, ಬೆಳ್ಳಿಯ ಬಹಿಷ್ಕಾರ ಮೊದಲಾದವೆಲ್ಲ ಒಂದೇ ಕೈಯ ಕೆಲಸವೆಂಬುದು ಆಕೆಯ ವಾದ. ವಿಲಿಯಂ ಹಾರ್ವೆ 1894ರಲ್ಲಿ ಷಿಕಾಗೋದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ‘ಕಾಯಿನ್’ ಎಂಬ ಹುಡುಗನೊಬ್ಬ ಆರು ದಿನ ಪಾಠ ಹೇಳಿ ಬ್ಯಾಂಕರುಗಳನ್ನೂ ಪ್ರಾಧ್ಯಾಪಕರನ್ನೂ ನಿರುತ್ತರಗೊಳಿಸುತ್ತಾನೆ. ಅಲ್ಲಿ ಪ್ರಶ್ನೆ ಕೇಳಿ ಸೋಲುವವರಲ್ಲಿ ಲಾಫ್ಲಿನ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರಂಥ ನಿಜವಾದ ವ್ಯಕ್ತಿಗಳೂ ಇದ್ದಾರೆ, ಪಾಠಶಾಲೆಯೇ ಕಲ್ಪಿತ. ಪಶ್ಚಿಮದ ರೈತರು ಹಸುವಿಗೆ ಮೇವು ಹಾಕುತ್ತಾರೆ, ಪೂರ್ವದ ಧನಿಕರು ಹಾಲು ಕರೆದುಕೊಳ್ಳುತ್ತಾರೆ ಎಂಬ ಅದರ ಚಿತ್ರ ಮನೆಮಾತಾಯಿತು. ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದ ಈ ಪುಸ್ತಕದ ಗುಣವನ್ನು ಅಲ್ಲಗಳೆಯುವಂತಿಲ್ಲ. ಪಂಡಿತರು ತಮ್ಮೊಳಗೇ ಆಡಿಕೊಳ್ಳುತ್ತಿದ್ದ ವಿಷಯವನ್ನು ಅದು ಒಕ್ಕಲಿಗನ ಅಂಗಳಕ್ಕೆ ತಂದಿತು.

ಇನ್ನು ಕಥೆಯ ಸತ್ಯಾಸತ್ಯ. ಎರ್ನೆಸ್ಟ್ ಸೇಡ್ ಎಂಬ ಲಂಡನ್ನಿನ ಹಣಕಾಸುಗಾರನು ಒಂದು ಲಕ್ಷ ಪೌಂಡುಗಳೊಡನೆ ಬಂದು ಶಾಸನಸಭೆಯ ಸದಸ್ಯರನ್ನು ಕೊಂಡನೆಂಬುದೇ ಒಳಸಂಚಿನ ಮುಖ್ಯ ಆರೋಪ. ಆದರೆ ಸೇಡ್ ದ್ವಿಲೋಹಮಾನದ ಕಟ್ಟಾ ಪಕ್ಷಪಾತಿ. ಮಸೂದೆಯ ವಿಷಯದಲ್ಲಿ ತನ್ನ ಸಲಹೆಯನ್ನು ಬರೆದು ಕಳುಹಿಸಿದಾಗ ಆತ ಬೆಳ್ಳಿ ಡಾಲರನ್ನು ಉಳಿಸಿಕೊಳ್ಳಬೇಕೆಂದೇ ವಾದಿಸಿದ್ದನು. ಬೆಳ್ಳಿಯ ಮಿತ್ರನನ್ನೇ ಬೆಳ್ಳಿಯ ಕೊಲೆಗಾರನೆಂದು ಕಥೆ ಸಾರಿತು! ಮಸೂದೆ ಗುಟ್ಟಾಗಿ ನಡೆಯಿತೆಂಬುದೂ ನಿಲ್ಲದ ಮಾತು. ಅದು 1870ರಲ್ಲಿಯೇ ಮಂಡಿತವಾಗಿ ಸುಮಾರು ಮೂರು ವರ್ಷ ಉಭಯ ಸಭೆಗಳ ಮುಂದಿದ್ದಿತು. ಮುಂದೆ ತಾನು ಮೋಸಹೋದೆನೆಂದು ಕೂಗಿದ ನೆವಾಡಾದ ಸೆನೆಟರ್ ಸ್ಟೂವರ್ಟ್ ಆಗ ಅದರ ಪರವಾಗಿಯೇ ಮತ ಕೊಟ್ಟಿದ್ದನು.

ಬೆಂಕಿಯಿಲ್ಲದೆ ಹೊಗೆಯಾಡದು ಎಂದು ಕಥೆಯ ಪಕ್ಷದವರು ಹೇಳಬಹುದು. ಆ ಮಾತನ್ನು ನಾವು ಒಪ್ಪುತ್ತೇವೆ. ಬೆಂಕಿ ಎಲ್ಲಿತ್ತೆಂಬುದಷ್ಟೇ ಪ್ರಶ್ನೆ. ಬೆಳ್ಳಿ ಡಾಲರು ಅಕಸ್ಮಾತ್ತಾಗಿ ಬಿಟ್ಟುಹೋಯಿತೆಂಬ ಹಳೆಯ ಸಮಾಧಾನವನ್ನು ಪಾಲ್ ಓಲಿಯರಿಯವರ 1960ರ ಲೇಖನವೂ ಆಲೆನ್ ವೈನ್‌ಸ್ಟೈನರ 1970ರ ಗ್ರಂಥವೂ ಅಲುಗಿಸಿವೆ. ಶಾಸನದ ರಚನೆಯಲ್ಲಿ ಕೈಯಿದ್ದ ಲಿಂಡರ್‌ಮನ್, ಬೆಳ್ಳಿಯ ಬೆಲೆ ಕುಸಿಯಲಿದೆಯೆಂದು 1872ರ ನವೆಂಬರಿನಲ್ಲಿಯೇ ವರದಿ ಮಾಡಿದ್ದನು. ಅಂದಮೇಲೆ ತಿಳಿದೇ ಮಾಡಿದ ಕೆಲಸವಿದು. ಚಿನ್ನವೇ ನಾಗರಿಕ ರಾಷ್ಟ್ರಗಳ ನಾಣ್ಯವೆಂದು ನಂಬಿದ ಕೆಲವು ಅಧಿಕಾರಿಗಳು ಆ ನಂಬಿಕೆಯನ್ನು ಶಾಸನದೊಳಗೆ ಸೇರಿಸಿದರು. ಅದರ ಪರಿಣಾಮವನ್ನು ಜನರಿಗೆ ತಿಳಿಯುವಂತೆ ಬಿಡಿಸಿ ಹೇಳಲಿಲ್ಲ. ಅಂಕಿತ ಹಾಕಿದ ಅಧ್ಯಕ್ಷನಿಗೇ ಅದರ ಅರ್ಥ ಹೊಳೆದಿರಲಿಲ್ಲವೆಂಬುದು ಅದೇ ವರ್ಷ ಆತ ಬರೆದ ಕಾಗದವೊಂದರಿಂದ ತೋರುತ್ತದೆ. 1990ರಲ್ಲಿ ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡ ಮಿಲ್ಟನ್ ಫ್ರೀಡ್‌ಮನ್, ಲಂಚದ ಕಥೆಯನ್ನು ತಳ್ಳಿಹಾಕಿದರೂ, ಬೆಳ್ಳಿಯನ್ನು ಬಿಟ್ಟದ್ದು ದೊಡ್ಡ ತಪ್ಪೆಂದೂ ಅದು ಉಳಿದಿದ್ದರೆ ಬೆಲೆಗಳು ಹೆಚ್ಚು ಸ್ಥಿರವಾಗಿರುತ್ತಿದ್ದವೆಂದೂ ವಾದಿಸಿದರು. ಉದ್ದೇಶವಿತ್ತು, ಒಳಸಂಚಿರಲಿಲ್ಲ, ಗುಟ್ಟಿರಲಿಲ್ಲ, ಆದರೆ ಹೇಳಬೇಕಾದವರಿಗೆ ಹೇಳಲೂ ಇಲ್ಲ. ಈ ಸಂದಿಯಲ್ಲಿಯೇ ಕಥೆ ಹುಟ್ಟಿತು.

ಚರಿತ್ರಕಾರರು ಈ ಸಂದಿಯನ್ನು ಹೇಗೆ ಕಂಡರು? 1931ರಲ್ಲಿ ಜಾನ್ ಹಿಕ್ಸ್ ಪಾಪ್ಯುಲಿಸ್ಟ್ ಚಳವಳಿಯನ್ನು ನೊಂದ ರೈತರ ನ್ಯಾಯವಾದ ದಂಗೆಯೆಂದು ಚಿತ್ರಿಸಿದರು. 1955ರಲ್ಲಿ ರಿಚರ್ಡ್ ಹಾಫ್‌ಸ್ಟಾಟರ್ ಅದರಲ್ಲಿನ ಒಳಸಂಚಿನ ಗೀಳನ್ನೂ ಯೆಹೂದ್ಯದ್ವೇಷದ ಎಳೆಯನ್ನೂ ಎತ್ತಿ ತೋರಿಸಿದರು. ವುಡ್‌ವರ್ಡ್, ಪೊಲಾಕ್, ನ್ಯೂಜೆಂಟ್ ಮೊದಲಾದವರು ಇದನ್ನು ಖಂಡಿಸಿದರು. ಹಾಫ್‌ಸ್ಟಾಟರರ ಕಣ್ಣು ಸೂಕ್ಷ್ಮವಾದುದು. ಹಾರ್ವೆಯ ಕಾದಂಬರಿಯೊಂದರಲ್ಲಿ ಲಂಡನ್ನಿನ ಬ್ಯಾಂಕರನೇ ಅಮೆರಿಕವನ್ನು ಕೆಡಿಸುವ ಖಳನೆಂಬುದನ್ನು ಮರೆಮಾಚಲಾಗದು. ಆದರೆ ಅವರು ಕರಪತ್ರಗಳ ಅಬ್ಬರದಿಂದ ಚಳವಳಿಯ ಮನಸ್ಸನ್ನೆಲ್ಲ ಅಳೆದರು. ರೈತರ ಲೆಕ್ಕವನ್ನು ಅಷ್ಟೇ ಗಮನದಿಂದ ನೋಡಲಿಲ್ಲ. ಆ ದ್ವೇಷ ಪೂರ್ವದ ಶ್ರೀಮಂತರ ಕೂಟಗಳಲ್ಲಿಯೂ ಕಡಮೆಯಿರಲಿಲ್ಲ. ಅವರ ವಿರೋಧಿಗಳಾದರೋ ರೈತರ ಮಾನವನ್ನು ಕಾಯುವ ಆತುರದಲ್ಲಿ ಕಥೆಯ ಹಾನಿಯನ್ನು ಹಗುರವಾಗಿ ಎಣಿಸಿದರು.

ಆ ಹಾನಿ ಹಗುರವಾದುದಲ್ಲ. ಜನಪಕ್ಷವು 1892ರ ಜುಲೈ 4ರಂದು ಒಮಾಹಾದಲ್ಲಿ ಅಂಗೀಕರಿಸಿದ ಕಾರ್ಯಕ್ರಮದ ಪೀಠಿಕೆಯಲ್ಲಿ ಒಳಸಂಚಿನ ಮಾತಿದೆ, ನಿಜ. ಆದರೆ ಅದರ ಹಿಂದೆಯೇ ಆದಾಯದ ಮೇಲೆ ಏರುಪ್ರಮಾಣದ ತೆರಿಗೆ, ಅಂಚೆಯ ಉಳಿತಾಯ ಬ್ಯಾಂಕು, ರೈಲುಮಾರ್ಗಗಳ ರಾಷ್ಟ್ರೀಕರಣ, ಬೆಳೆಯನ್ನು ಸರ್ಕಾರಿ ಉಗ್ರಾಣದಲ್ಲಿಟ್ಟು ಕಡಮೆ ಬಡ್ಡಿಗೆ ಸಾಲ ಪಡೆಯುವ ಏರ್ಪಾಡು ಮುಂತಾದ ಖಚಿತ ಬೇಡಿಕೆಗಳಿವೆ. ಆ ವರ್ಷ ಪಕ್ಷದ ಅಭ್ಯರ್ಥಿ ವೀವರ್‌ಗೆ ಹತ್ತು ಲಕ್ಷಕ್ಕೂ ಮಿಕ್ಕು ಮತಗಳು ಬಂದವು. ನಾಲ್ಕೇ ವರ್ಷಗಳಲ್ಲಿ ಇವೆಲ್ಲ ಬೆಳ್ಳಿಯೆಂಬ ಒಂದೇ ಮಾತಿನಲ್ಲಿ ಮುಳುಗಿದವು. ಒಂದು ಅಪರಾಧದಿಂದ ಕೇಡಾಯಿತೆಂದು ನಂಬಿದವರಿಗೆ ಒಂದು ಪರಿಹಾರವೇ ಸಾಕೆನಿಸುವುದು ಸಹಜ. ಆ ಪರಿಹಾರದಿಂದ ಮೊದಲು ಲಾಭ ಪಡೆಯುವವರು ಬೆಳ್ಳಿಗಣಿಗಳ ಒಡೆಯರೆಂಬುದು ಹಿಂದೆ ಸರಿಯಿತು. ಬೆಳ್ಳಿಯ ಪಕ್ಷವನ್ನು ವಹಿಸಿದ ಡೆಮೊಕ್ರಾಟಿಕ್ ಅಭ್ಯರ್ಥಿ ಬ್ರಯನನನ್ನೇ ಜನಪಕ್ಷವೂ 1896ರಲ್ಲಿ ಬೆಂಬಲಿಸಿತು. ಅವನ ಸೋಲಿನೊಡನೆ ಅದೂ ಕುಗ್ಗಿಹೋಯಿತು. ದಕ್ಷಿಣ ಆಫ್ರಿಕದ ಚಿನ್ನ ಬಂದು ಬೆಲೆಗಳು ಏರತೊಡಗಿದಾಗ ಕಥೆಗೂ ಕಸುವಿಲ್ಲದಾಯಿತು. ಅಂಚೆಯ ಬ್ಯಾಂಕು 1910ರಲ್ಲಿ, ಆದಾಯ ತೆರಿಗೆಗೆ ಎಡೆಗೊಟ್ಟ ಸಂವಿಧಾನದ ತಿದ್ದುಪಡಿ 1913ರಲ್ಲಿ, ಅನ್ಯರ ಕೈಯಿಂದ ಬಂದವು. ಉಳಿದುದು ಲೆಕ್ಕ, ಅಳಿದುದು ಕಥೆ.

ಇದೇ ಬೆಳ್ಳಿಯ ಇಳಿತ ನಮ್ಮ ದೇಶವನ್ನೂ ತಾಕಿತ್ತು. ಎರಡು ಷಿಲಿಂಗುಗಳ ಆಸುಪಾಸಿನಲ್ಲಿದ್ದ ರೂಪಾಯಿ 1892-93ರ ವೇಳೆಗೆ ಸುಮಾರು 15 ಪೆನ್ಸ್‌ಗಳಿಗೆ ಕುಸಿಯಿತು. ಇಂಗ್ಲೆಂಡಿಗೆ ಪೌಂಡುಗಳಲ್ಲಿ ತೆರಬೇಕಾದ ಹಣದ ಹೊರೆ ಅಷ್ಟೇ ಏರಿತು. 1893ರ ಜೂನ್ 26ರಂದು ಭಾರತದ ಟಂಕಸಾಲೆಗಳು ಬೆಳ್ಳಿಯ ಮುಕ್ತ ಟಂಕನಕ್ಕೆ ಮುಚ್ಚಿದವು. ಆ ಸುದ್ದಿಯ ಹಿಂದೆಯೇ ಅಮೆರಿಕದ ಬೆಳ್ಳಿಗಣಿಗಳೂ ತತ್ತರಿಸಿದವು. ಸಂಪತ್ತು ದೇಶದಿಂದ ಹರಿದುಹೋಗುತ್ತಿದೆಯೆಂದು ದಾದಾಭಾಯಿ ನವರೋಜಿಯವರು 1867ರಿಂದಲೂ ಹೇಳುತ್ತಿದ್ದರು. ಆ ವಾದಕ್ಕೆ ಗುಪ್ತದೂತನೂ ಬೇಕಾಗಲಿಲ್ಲ, ಲಂಚದ ಥೈಲಿಯೂ ಬೇಕಾಗಲಿಲ್ಲ; ಸರ್ಕಾರದ್ದೇ ಲೆಕ್ಕಪತ್ರಗಳು ಸಾಕಾದವು. ಅವರ ಅಂಕಿಗಳನ್ನು ಮುಂದಿನವರು ತಿದ್ದಬಹುದಾಗಿತ್ತು, ತಿದ್ದಿದರೂ ವಾದ ಉಳಿಯುತ್ತಿತ್ತು. ಸೇಡ್‌ನ ಕಥೆಯನ್ನು ತಿದ್ದಿದರೆ ಏನೂ ಉಳಿಯದು. ಬಡವರ ದೂರಿಗೆ ಲೆಕ್ಕದ ಆಧಾರವಿದ್ದರೆ ಅದು ಎಷ್ಟು ಬಾಳಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಒಟ್ಟಿನಲ್ಲಿ, ಒಳಸಂಚಿನ ಕಥೆಯನ್ನು ತರಗತಿಯಲ್ಲಿ ಪಾಠ ಹೇಳುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುವುದು ಅಗತ್ಯವೆಂದು ನಮಗೆ ತೋರುತ್ತದೆ: ನೋವು ನಿಜವೇ? ಹೇಳಿದ ಕಾರಣ ನಿಜವೇ? ಮೊದಲನೆಯದಕ್ಕೆ ಹೌದೆಂದವರು ಎರಡನೆಯದಕ್ಕೂ ಹೌದೆನ್ನಬೇಕಾಗಿಲ್ಲ. ಎರಡನೆಯದಕ್ಕೆ ಇಲ್ಲವೆಂದವರು ಮೊದಲನೆಯದನ್ನು ಮರೆಯುವಂತಿಲ್ಲ. ಕಾನ್ಸಾಸಿನ ರೈತನನ್ನು ಹಾರ್ವೆ ಹುಸಿ ಶತ್ರುವಿನ ಕಡೆಗೆ ತಿರುಗಿಸಿದ್ದು ಅನ್ಯಾಯ. ಅವನಿಗೆ ತಿಳಿಯುವ ಮಾತಿನಲ್ಲಿ ಶಾಸನದ ಅರ್ಥವನ್ನು ಹೇಳದೆ ಹೋದವರದೂ ಅನ್ಯಾಯವೇ. ಕಾಲದ ದೃಷ್ಟಿಯಿಂದ ಇದು ಮೊದಲನೆಯದೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.