ಕ್ಯಾಟಟೋನಿಯಕ್ಕೆ ಖಿನ್ನತೆಯ ಮಾತ್ರೆ: ಒಂದು ಚಿಕಿತ್ಸಾಕ್ರಮದ ವಿಮರ್ಶೆ

ಎಚ್ಚರವಿದ್ದೂ ಮಾತಾಡದೆ, ಉಣ್ಣದೆ, ಕೂರಿಸಿದ ಭಂಗಿಯಲ್ಲೇ ಗಂಟೆಗಟ್ಟಲೆ ಉಳಿದುಬಿಡುವ ಸ್ಥಿತಿಯನ್ನು ಮನೋವೈದ್ಯರು ಕ್ಯಾಟಟೋನಿಯ ಎನ್ನುತ್ತಾರೆ. 1874ರಲ್ಲಿ ಜರ್ಮನಿಯ ಕಾರ್ಲ್ ಕಾಲ್‌ಬಾಮ್ ವಿವರಿಸಿದ ಈ ಸ್ಥಿತಿ ಬಹುಕಾಲ ಸ್ಕಿಜೋಫ್ರೇನಿಯದ ಒಂದು ಬಗೆಯೆಂದೇ ಎಣಿಸಲ್ಪಟ್ಟಿತ್ತಾದರೂ, ತೀವ್ರ ಖಿನ್ನತೆ, ಬೈಪೋಲಾರ್ ಕಾಯಿಲೆ, ಮಿದುಳಿನ ಸೋಂಕುಗಳಲ್ಲೂ ಅದು ತಲೆದೋರುತ್ತದೆಂಬುದು ಈಗ ಒಪ್ಪಿತವಾಗಿದೆ. ಖಿನ್ನತೆಯೊಂದಿಗಿನ ಈ ನಂಟನ್ನೇ ನೆಚ್ಚಿ ಖಿನ್ನತೆ ನಿವಾರಕ ಮಾತ್ರೆಗಳಿಂದಲೇ ಚಿಕಿತ್ಸೆ ತೊಡಗಿಸುವುದು ತರ್ಕಬದ್ಧವೆಂದು ತೋರಿದರೂ, ಆ ತರ್ಕ ರೋಗಿಯ ದೇಹಸ್ಥಿತಿಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಈ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ನೀರನ್ನೂ ನುಂಗದ ರೋಗಿಗೆ ಅಷ್ಟರಲ್ಲಿ ನಿರ್ಜಲೀಕರಣ, ಹಾಸಿಗೆ ಹುಣ್ಣು, ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಸಾಗುವ ಅಪಾಯಗಳು ಎದುರಾಗುತ್ತವೆ. ಇದಕ್ಕೆ ಪ್ರತಿಯಾಗಿ, ಬೆಂಜೋಡಯಜೆಪಿನ್ ಗುಂಪಿನ ಲೊರಾಜೆಪಾಮನ್ನು 1ರಿಂದ 2 ಮಿಲಿಗ್ರಾಂನಷ್ಟು ಚುಚ್ಚಿದಾಗ ಅನೇಕ ರೋಗಿಗಳು ನಿಮಿಷಗಳಲ್ಲೇ ಮಾತಾಡತೊಡಗುವುದುಂಟು. ಅದು ಫಲಿಸದಿದ್ದರೆ ವಿದ್ಯುತ್ ಕಂಪನ ಚಿಕಿತ್ಸೆಯೇ ಪ್ರಬಲ ಉಪಾಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಗಳಿಲ್ಲದೆ ಅದನ್ನು ನೀಡುವುದನ್ನು ನಿಷೇಧಿಸಿದೆ. ಖಿನ್ನತೆ ನಿವಾರಕಗಳ ಪರವಾಗಿರುವ ಆಧಾರವೋ ಬಹುಪಾಲು ಬಿಡಿ ಬಿಡಿ ರೋಗಿಗಳ ವರದಿಗಳಿಗೆ ಸೀಮಿತವಾಗಿದೆ. ಅಲ್ಲದೆ, ಮೂಲ ಕಾಯಿಲೆ ಬೈಪೋಲಾರ್ ಆಗಿದ್ದರೆ ಅವು ಉನ್ಮಾದವನ್ನು ಕೆರಳಿಸಬಲ್ಲವು.

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ಈ ವಿವೇಚನೆಗೆ ಇನ್ನೊಂದು ಕಾರಣವೂ ಸೇರುತ್ತದೆ. ಹಿಂದಿನ ಅವಿಭಜಿತ ಮಹಬೂಬ್‌ನಗರ ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲೂ ನೆರೆಯ ರಾಯಚೂರಿನಲ್ಲೂ ಸೇಂದಿಗೆ ಡಯಜೆಪಾಮ್, ಆಲ್ಪ್ರಜೋಲಾಮ್, ಸಿ.ಎಚ್. ಪೌಡರ್ ಎಂದು ಕರೆಯಲಾಗುವ ಕ್ಲೋರಲ್ ಹೈಡ್ರೇಟ್ ಬೆರೆಸುವ ಪಿಡುಗು ಹಳೆಯದು. 2015ರಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆಯ ಮೇಲೆ ಬಿಗಿಕ್ರಮ ಕೈಗೊಂಡಾಗ ಮಹಬೂಬ್‌ನಗರ, ನಿಜಾಮಾಬಾದ್ ಕಡೆಯ ಅನೇಕ ವ್ಯಸನಿಗಳು ಆಸ್ಪತ್ರೆ ಸೇರಬೇಕಾಯಿತು. ಡಯಜೆಪಾಮ್, ಆಲ್ಪ್ರಜೋಲಾಮ್‌ಗಳು ಲೊರಾಜೆಪಾಮ್‌ನ ಗುಂಪಿನವೇ ಆಗಿದ್ದು, ರೂಢಿಯಾದ ಮೇಲೆ ಅವು ಥಟ್ಟನೆ ತಪ್ಪಿದರೆ ಫಿಟ್ಸ್, ಭ್ರಮೆಗಳ ಜೊತೆಗೆ ಕೆಲವೊಮ್ಮೆ ಕ್ಯಾಟಟೋನಿಯವೂ ಬರಬಹುದು. ಸೇಂದಿ ಬಿಟ್ಟದ್ದನ್ನು ಒಳ್ಳೆಯ ಸುದ್ದಿಯೆಂದೇ ಭಾವಿಸುವ ಮನೆಯವರು ಅದನ್ನು ವೈದ್ಯರಿಗೆ ಹೇಳದೆ ಹೋದರೆ, ಆ ಮೌನ ಖಿನ್ನತೆಯಂತೆಯೋ ಗಾಳಿ ಸೋಂಕಿನಂತೆಯೋ ಕಂಡು, ಮಾತ್ರೆಯೂ ಮಂತ್ರವೂ ಸಮಾನವಾಗಿ ಗುರಿ ತಪ್ಪುತ್ತವೆ.

ಹೀಗೆಂದು ಖಿನ್ನತೆ ನಿವಾರಕಗಳನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಸ್ತಬ್ಧತೆ ಸಡಿಲಿ ರೋಗಿ ಉಣ್ಣತೊಡಗಿ, ಮೂಲದಲ್ಲಿ ಇದ್ದದ್ದು ಖಿನ್ನತೆಯೇ ಎಂದು ಖಚಿತವಾದ ಮೇಲೆ, ಅದು ಮರುಕಳಿಸದಂತೆ ತಡೆಯಲು ಅವು ಉಪಯುಕ್ತ. ಆದ್ದರಿಂದ ಈ ಸೀಮೆಯ ತಾಲ್ಲೂಕು ಆಸ್ಪತ್ರೆಗಳಿಗೆ ಮೊದಲು ಬೇಕಾದದ್ದು ಸೇಂದಿಯ ಬಗ್ಗೆ ಕೇಳುವ ರೂಢಿ, ತಂಪುಪೆಟ್ಟಿಗೆಯಲ್ಲಿ ಕಾಯ್ದಿಟ್ಟ ಲೊರಾಜೆಪಾಮ್ ಇಂಜೆಕ್ಷನ್, ಮತ್ತು ಅದು ಫಲಿಸದಾಗ ರೋಗಿಯನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ.