ಕೊನೆಯ ಸಾಲಿಗೆ ತಳ್ಳಿದವರು

ಕೇಂದ್ರ ಆಯುಷ್ ಸಚಿವಾಲಯದ ‘ಸಾಮಾನ್ಯ ಯೋಗ ಶಿಷ್ಟಾಚಾರ’ಕ್ಕೆ ಸಿಕ್ಕಿರುವಷ್ಟು ಮರ್ಯಾದೆ ನಮ್ಮ ಕಾಲದ ಬೇರೆ ಯಾವ ವ್ಯಾಯಾಮದ ಪುಸ್ತಿಕೆಗೂ ಸಿಕ್ಕಿಲ್ಲ. 2015ರ ಮೊದಲ ಅಂತರರಾಷ್ಟ್ರೀಯ ಯೋಗ ದಿನದಿಂದ ಈಚೆಗೆ, ಜೂನ್ 21ರ ಬೆಳಿಗ್ಗೆ ದಕ್ಷಿಣ ಕನ್ನಡದ ಸುಬ್ರಹ್ಮಣ್ಯ, ಕಡಬ, ಸುಳ್ಯ, ಪುತ್ತೂರುಗಳ ಶಾಲೆ, ಸಭಾಭವನಗಳಲ್ಲಿ ನಡೆಯುವುದು ಅದರದೇ ಪಾಠ: ಪ್ರಾರ್ಥನೆ, ಕುತ್ತಿಗೆ, ಸೊಂಟ, ಮಂಡಿಗಳನ್ನು ಸಡಿಲಿಸುವ ಚಲನೆಗಳು, ತಾಡಾಸನದಿಂದ ಶವಾಸನದವರೆಗಿನ ಆಸನಗಳು, ಕಪಾಲಭಾತಿ, ಪ್ರಾಣಾಯಾಮ, ಧ್ಯಾನ, ಸಂಕಲ್ಪ, ಎಲ್ಲ ಸೇರಿ ಮುಕ್ಕಾಲು ಗಂಟೆ. ಗಟ್ಟಿಮುಟ್ಟಾಗಿರುವವರಿಗೆ ಇದು ಒಳ್ಳೆಯ ಪಾಠವೇ. ಆದರೆ ಶುಗರ್, ಬಿಪಿ, ಮಂಡಿ ಸವೆತ ಇರುವವರಿಗೂ, ಅಂಗವೈಕಲ್ಯ ಇರುವವರಿಗೂ ಇದೇ ದಾರಿ ಎಂದು ವೇದಿಕೆಯಿಂದ ಹೇಳುವುದನ್ನು ನಾನು ಒಪ್ಪಲಾರೆ. ಇದು ಅವರಿಗಾಗಿ ಬರೆದ ಪುಸ್ತಿಕೆಯಲ್ಲ. ಅದರ ಪುಟಗಳೇ ಆ ಮಾತು ಹೇಳುತ್ತವೆ.

ಹೆಚ್ಚಿನ ಅಭ್ಯಾಸಗಳಿಗೆ ಮೊದಲು ವಿಧಾನ, ಆಮೇಲೆ ಪ್ರಯೋಜನ, ಕೊನೆಗೆ ಎಚ್ಚರಿಕೆಯ ಒಂದೆರಡು ಸಾಲು. ಆ ಎಚ್ಚರಿಕೆಗಳನ್ನಷ್ಟೇ ಒಂದರ ಹಿಂದೊಂದು ಓದಿ ನೋಡಿ. ಪಾದಹಸ್ತಾಸನ ಹೃದ್ರೋಗ, ಬೆನ್ನಿನ ಡಿಸ್ಕ್ ತೊಂದರೆ, ಹರ್ನಿಯಾ, ತಲೆಸುತ್ತು ಇದ್ದವರಿಗೆ ಬೇಡ. ಉಷ್ಟ್ರಾಸನ ಹರ್ನಿಯಾ, ಸಂಧಿವಾತ, ತಲೆಸುತ್ತು ಇದ್ದವರಿಗೆ ಬೇಡ. ವಜ್ರಾಸನ ಮಂಡಿನೋವಿನವರಿಗೆ ಬೇಡ. ಕಪಾಲಭಾತಿಯ ಪಟ್ಟಿಯಂತೂ ಉದ್ದವಿದೆ: ಹೃದ್ರೋಗ, ಅಧಿಕ ರಕ್ತದೊತ್ತಡ, ಅಪಸ್ಮಾರ, ಪಾರ್ಶ್ವವಾಯು, ಹರ್ನಿಯಾ, ಹೊಟ್ಟೆಹುಣ್ಣು. ಬಿಪಿಯೂ ಮಂಡಿನೋವೂ ಇರುವ, ಆಗಾಗ ತಲೆಸುತ್ತುವ ಅರವತ್ತು ದಾಟಿದ ಅಡಿಕೆ ಕೃಷಿಕರೊಬ್ಬರು ಇಲ್ಲಿ ಪುಟ ಪುಟಕ್ಕೂ ಹೊರಗೇ ಉಳಿಯುತ್ತಾರೆ.

ನನ್ನ ಆಕ್ಷೇಪ ಎಚ್ಚರಿಕೆ ಕೊಟ್ಟದ್ದಕ್ಕಲ್ಲ, ಅದು ಅಲ್ಲಿಗೇ ನಿಂತದ್ದಕ್ಕೆ. ಬಿಪಿ ಇದ್ದವರಿಗೆ ಕಪಾಲಭಾತಿ ಯಾಕೆ ಬೇಡ? ಹೊಟ್ಟೆಯ ಸ್ನಾಯುಗಳನ್ನು ರಭಸದಿಂದ ಒಳಗೆಳೆದು ಉಸಿರು ಹೊರದಬ್ಬುವಾಗ ರಕ್ತದೊತ್ತಡ ಏರಬಹುದು ಎಂಬ ಕಾರಣಕ್ಕೆ. ಈ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿದ್ದರೆ ಓದುಗರು ಇನ್ನೊಂದನ್ನೂ ತಾವಾಗಿ ತಿಳಿದುಕೊಳ್ಳುತ್ತಿದ್ದರು: ಉಸಿರು ಬಿಗಿಹಿಡಿದು ಅಡಿಕೆ ಗೋಣಿ ಎತ್ತುವಾಗಲೂ ಒತ್ತಡ ಏರುತ್ತದೆ, ಆದ್ದರಿಂದ ಎತ್ತುವಾಗ ಉಸಿರು ಬಿಡಬೇಕು. ಇನ್ನು ಮಾತ್ರೆಯಲ್ಲಿ ಹಿಡಿತಕ್ಕೆ ಬಂದು 130ರಲ್ಲಿರುವ ಬಿಪಿಗೂ 180 ದಾಟಿದ ಬಿಪಿಗೂ ಆ ಸಾಲಿನಲ್ಲಿ ಭೇದವೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ, ಇದನ್ನು ಬಿಟ್ಟು ಏನು ಮಾಡಬೇಕು ಎಂಬುದು ಇಲ್ಲ. ಮಂಡಿ ಸವೆದವರಿಗೆ ವಜ್ರಾಸನ ಬೇಡ ಎಂದಷ್ಟೇ ಹೇಳಿದರೆ ಅವರು ಸುಮ್ಮನೆ ಕೂರುತ್ತಾರೆ. ಸುಮ್ಮನೆ ಕೂತರೆ ತೊಡೆಯ ಸ್ನಾಯು ಸೊರಗುತ್ತದೆ, ಮಂಡಿಯ ಮೇಲೆ ಇನ್ನಷ್ಟು ಭಾರ ಬೀಳುತ್ತದೆ. ಅವರಿಗೆ ಬೇಕಾದದ್ದು ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಐದೆಣಿಸಿ, ನಿಧಾನ ಇಳಿಸುವುದು. ಕ್ರಮೇಣ ಕೈ ಊರದೆ ಕುರ್ಚಿಯಿಂದ ಏಳುವುದು. ಇಷ್ಟು ಬರೆಯಲು ಎರಡು ಸಾಲು ಸಾಕಿತ್ತು.

ಈ ಎಚ್ಚರಿಕೆಗಳನ್ನು ಯೋಗ ದಿನದ ಮೈಕಿನಲ್ಲಿ ಓದಿದ್ದನ್ನು ನಾನು ಕೇಳಿಲ್ಲ. ಹಿಂದಿನ ಸಾಲಿನ ಹಿರಿಯರು ಪಕ್ಕದವರನ್ನು ನೋಡಿಕೊಂಡು ಅವರಂತೆಯೇ ಬಗ್ಗುತ್ತಾರೆ. ಆಗದವರು ಗೋಡೆಗೆ ಒರಗಿ ಕೂತು ನೋಡುತ್ತಾರೆ. ದೀರ್ಘಕಾಲದ ಕಾಯಿಲೆ ಇದ್ದವರು ವೈದ್ಯರನ್ನೋ ಯೋಗಚಿಕಿತ್ಸಕರನ್ನೋ ಮೊದಲು ಕೇಳಬೇಕು ಎಂದು ಪುಸ್ತಿಕೆ ಆರಂಭದಲ್ಲೇ ಹೇಳುತ್ತದೆ, ನಿಜ. ಆದರೆ ದೊಡ್ಡ ಆಸ್ಪತ್ರೆಗಳಿರುವ ಮಂಗಳೂರು ಸುಬ್ರಹ್ಮಣ್ಯದಿಂದ ಸುಮಾರು ನೂರು ಕಿಲೋಮೀಟರು. ಘಟ್ಟದ ಬುಡದ ಮನೆಯವರು ಒಂದು ಆಸನದ ಬಗ್ಗೆ ಕೇಳಲು ಬಸ್ಸು ಹತ್ತುವುದಿಲ್ಲ.

ಈ ಪುಸ್ತಿಕೆಯ ವಿಮರ್ಶಕರ ಮೇಲೂ ನನಗೆ ಸಿಟ್ಟಿದೆ. 2015ರಲ್ಲಿ ವಾದ ನಡೆದದ್ದು ಓಂಕಾರ ಇರಬೇಕೋ ಬೇಡವೋ, ಸೂರ್ಯನಮಸ್ಕಾರವನ್ನು ಕೈಬಿಟ್ಟದ್ದು ಸರಿಯೋ ತಪ್ಪೋ ಎಂಬುದರ ಮೇಲೆ. ಎಡದವರೂ ಬಲದವರೂ ಪುಟಗಟ್ಟಲೆ ಬರೆದರು. ಮಂಡಿ ಮಡಚಲಾಗದವರ ಬಗ್ಗೆ ಎರಡೂ ಕಡೆಯವರು ಒಂದು ಮಾತೂ ಆಡಿದ್ದನ್ನು ನಾನು ಓದಿಲ್ಲ. ಮೂರನೆಯ ಗುಂಪೊಂದಿದೆ: ತೋಟದಲ್ಲಿ ದುಡಿಯುವವರಿಗೆ ವ್ಯಾಯಾಮ ಯಾಕೆ ಎನ್ನುವವರು. ಒಣಗಿಸಿದ ಚಾಲಿ ಅಡಿಕೆ ಸುಲಿಯಲು ಮಣೆ ಹಾಕಿ ಕೂತವರ ಬೆನ್ನನ್ನು ಇವರು ಒಮ್ಮೆ ನೋಡಬೇಕು. ಗಂಟೆಗಟ್ಟಲೆ ಒಂದೇ ಭಂಗಿ, ಒಂದೇ ಕೈಗೆ ಕೆಲಸ. ದುಡಿಮೆ ದೇಹವನ್ನು ಬಳಸುತ್ತದೆ; ಸೊರಗಿದ ಸ್ನಾಯುವನ್ನು ಹುಡುಕಿ ಬಲಪಡಿಸುವುದು ಅದರ ಉದ್ದೇಶವಲ್ಲ.

ಆಸನ ಮಾಡಲಾಗದವರು ಏನು ಮಾಡಬೇಕು ಎಂಬುದಕ್ಕೆ ಉತ್ತರ ಯೋಗದೊಳಗೇ ಇತ್ತು. ಕೋಲಾರದ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಕ್ಷಯ, ಮಲೇರಿಯಾ, ಟೈಫಾಯಿಡ್‌ಗಳಿಂದ ಬಳಲಿದವರು. ಅವರನ್ನು ಹೊಗಳುವವರೆಲ್ಲ 1966ರ ‘ಲೈಟ್ ಆನ್ ಯೋಗ’ದ ಚಿತ್ರಗಳನ್ನೇ ತೋರಿಸುತ್ತಾರೆ. ಆ ಪುಸ್ತಕದ ಅನುಬಂಧದಲ್ಲಿ ರೋಗಕ್ಕೊಂದು ಆಸನಪಟ್ಟಿ ಇದೆಯಷ್ಟೆ. ಅದು ಅವರ ದೊಡ್ಡ ಕೆಲಸವಲ್ಲ. ದೊಡ್ಡ ಕೆಲಸ ಕುರ್ಚಿ, ಹಗ್ಗ, ಪಟ್ಟಿ, ಮರದ ತುಂಡುಗಳದ್ದು. ಬಾಗಲಾಗದವರ ಕೈಗೆ ನೆಲವನ್ನೇ ಮೇಲೆತ್ತಿ ಕೊಡುವ ಈ ವಿದ್ಯೆ ಕನ್ನಡಿಗರೊಬ್ಬರ ಕೊಡುಗೆ. ನಮ್ಮ ಜೂನ್ 21ರ ಸಭೆಗಳಲ್ಲಿ ಅದಕ್ಕೆ ಜಾಗವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ದೀರ್ಘಕಾಲದ ರೋಗಿಗಳನ್ನೂ ಅಂಗವಿಕಲರನ್ನೂ ಮೊದಲ ಬಾರಿಗೆ ಪ್ರತ್ಯೇಕವಾಗಿ ಗಮನಿಸಿತು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಎರಡು ದಿನ ಸ್ನಾಯುಬಲದ ಅಭ್ಯಾಸ, ಹಿರಿಯರಾದರೆ ಮೂರು ದಿನ ಸಮತೋಲನದ ಅಭ್ಯಾಸ ಮಾಡಬೇಕು, ಅಷ್ಟಾಗದಿದ್ದರೆ ಆದಷ್ಟು. ಈ ಕೊನೆಯ ಮಾತಿಗಾಗಿ ಅದು ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ, ಗುಡ್ಡದ ಇಳಿಜಾರಿನಲ್ಲೇ ಮನೆಗಳಿರುವ ಸುಬ್ರಹ್ಮಣ್ಯದಲ್ಲಿ ಬಿರುಸು ನಡಿಗೆಯನ್ನು ಜಗಲಿಯ ನಡಿಗೆಯಾಗಿ ಬದಲಿಸಿ ಹೇಳುವವರು ಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ನಡೆಯುವಾಗ ಬೆವರಿ ನಡುಗಿದರೆ ಶುಗರ್ ಕುಸಿದಿದೆ ಎಂದು ತಿಳಿದು, ಜೇಬಿನ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು. ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರು ಬರಿಗಾಲಲ್ಲಿ ದೇವಸ್ಥಾನಕ್ಕೆ ಪ್ರದಕ್ಷಿಣೆ ಬಂದ ಮೇಲೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಆಯುಷ್ ಸಚಿವಾಲಯ ಮಧುಮೇಹಕ್ಕೇ ಪ್ರತ್ಯೇಕ ಯೋಗಕ್ರಮ ಹೊರತಂದಿದೆ. ಒಳ್ಳೆಯದೇ, ಆದರೆ ವೇದಿಕೆ ಏರುವುದು ಈಗಲೂ ಸಾಮಾನ್ಯ ಕ್ರಮವೇ.

ಸುಬ್ರಹ್ಮಣ್ಯದ ಸುತ್ತ ಅಂಗವಿಕಲರ ವ್ಯಾಯಾಮ ಇನ್ನೂ ತೀವ್ರವಾದ ಪ್ರಶ್ನೆ. ಸುಮಾರು 1980ರಿಂದ 2000ದವರೆಗೆ ಈ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. 2011ರಲ್ಲಿ ನಿಷೇಧ ಬಂತು. ಕೊಕ್ಕಡ, ಕೊಯಿಲಗಳಲ್ಲಿ ಪೀಡಿತರಿಗೆ ಹಗಲು ಪಾಲನಾ ಕೇಂದ್ರಗಳೂ ಬಂದವು. ಸೆಟೆದ ಕೈಕಾಲಿನವರಿಗೆ ಬೇಕಾದದ್ದು ದಿನವೂ ನಿಧಾನವಾಗಿ ಕೀಲು ಚಾಚಿಸುವ ಕೈ, ಸರಿಯಾಗಿ ಕೂರಿಸುವ ಕುರ್ಚಿ, ಆಧಾರ ಕೊಟ್ಟು ನಿಲ್ಲಿಸುವ ಚೌಕಟ್ಟು. ಒಂದು ವಾರ ಬಿಟ್ಟರೂ ಕೀಲು ಬಿಗಿಯತೊಡಗುತ್ತದೆ. ಕೇಂದ್ರದವರೆಗೆ ಬರಲಾಗದವರ ಮನೆಯಲ್ಲಿ ಈ ಕೆಲಸ ಅಮ್ಮನದು. ಮಗ ಈಗ ಮೂವತ್ತು ದಾಟಿದ ಗಂಡಸು, ಆಕೆಗೆ ಅರವತ್ತರ ಹತ್ತಿರ. ಮಂಚದಿಂದ ಅವನನ್ನು ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಬೇಕು, ಅವನ ಭಾರವನ್ನು ಮೈಗೆ ಒತ್ತಿ ಹಿಡಿಯಬೇಕು, ಸಾಧ್ಯವಾದರೆ ಎತ್ತದೆ ಹಲಗೆಯ ಮೇಲೆ ಜಾರಿಸಬೇಕು ಎಂದು ಆಕೆಗೆ ಯಾವ ಪುಸ್ತಿಕೆಯೂ ಹೇಳಿಕೊಟ್ಟಿಲ್ಲ. ಮುಂದಿನ ಮುದ್ರಣಕ್ಕೆ ಒಂದೇ ಪುಟ ಸೇರಿಸುವುದಾದರೆ ಆ ಪುಟ ಆಕೆಯ ಬೆನ್ನಿಗೆ ಮೀಸಲಾಗಬೇಕು.