ಗ್ರಂಥಸೂಚನೆಯ ಪ್ರಶ್ನೆ: ಒಂದು ವಿಮರ್ಶೆ

‘ಒಳ್ಳೆಯ ನಿಘಂಟು ಯಾವುದು?’ ಮಂಗಳೂರಿನ ಕಾಲೇಜುಗಳಲ್ಲಿ ಭಾಷಾಧ್ಯಾಪಕರ ಮುಂದೆ ವಿದ್ಯಾರ್ಥಿಗಳು ಇಡುವ ಪ್ರಶ್ನೆಗಳಲ್ಲಿ ಇದೊಂದು. ಇಂತಹ ಪ್ರಶ್ನೆಗಳಿಗೆ ವಿದ್ವದ್ಗೋಷ್ಠಿಯಲ್ಲಿ ಎಡೆಯುಂಟೇ ಎಂಬ ವಿಷಯದಲ್ಲಿ ಎರಡು ಪಕ್ಷಗಳಿವೆ. ಹತ್ತು ಮಂದಿ ಹತ್ತು ಹೆಸರು ಹೇಳುವರು, ನಿರ್ಣಯಕ್ಕೆ ಪ್ರಮಾಣವಿಲ್ಲ, ಆದುದರಿಂದ ಅದನ್ನು ಕೈಬಿಡಬೇಕೆಂಬುದು ಒಂದು ಪಕ್ಷ. ಕೇಳಿದವನನ್ನು ಬರಿಗೈಯಲ್ಲಿ ಕಳುಹಿಸುವುದು ಗುರುಧರ್ಮವಲ್ಲವೆಂಬುದು ಮತ್ತೊಂದು. ದೋಷವಿರುವುದು ಪ್ರಶ್ನೆಯ ಜಾತಿಯಲ್ಲಲ್ಲ, ಅದರ ಅಪೂರ್ಣತೆಯಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಈ ಊರಿನದೇ ನಿದರ್ಶನವನ್ನು ನೋಡೋಣ. ಬಾಸೆಲ್ ಮಿಶನ್ನಿನವರು ಮಂಗಳೂರಿನಿಂದ 1886ರಲ್ಲಿ ಮ್ಯಾನರರ ತುಳು-ಇಂಗ್ಲಿಷ್ ನಿಘಂಟನ್ನೂ 1894ರಲ್ಲಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದರು. ಗಾದೆಯ ಅರ್ಥವನ್ನೋ ಪದದ ದ್ರಾವಿಡ ಸಂಬಂಧವನ್ನೋ ಅರಸುವವನಿಗೆ ಕಿಟ್ಟೆಲರು ಇಂದಿಗೂ ಆಸರೆ. ಶಾಸನದಲ್ಲಿಯೂ ಕಾವ್ಯದಲ್ಲಿಯೂ ಒಂದು ಶಬ್ದ ಹೇಗೆ ನಡೆದುಬಂದಿತೆಂದು ಕೇಳುವವನು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ನೋಡಬೇಕು. ಪ್ರಯೋಗಗಳ ಸಹಿತ ಅರ್ಥನಿರ್ಣಯ ಅಲ್ಲಿಯದು. ಪಾಡ್ದನದ ಪದವೊಂದನ್ನು ಹಿಡಿದು ಬಂದವನಿಗೆ ಇವೆರಡೂ ಸಾಲವು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರವು 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟೇ ಅವನಿಗೆ ಬೇಕು. ಪ್ರಶ್ನೆಯ ಮಾತು ಒಂದೇ, ಉತ್ತರಗಳು ಮೂರು.

ಸೂಚನೆಗೆ ಕಾಲದ ಮಿತಿಯೂ ಉಂಟು. 1988ಕ್ಕೆ ಮೊದಲು ತುಳುವಿಗೆ ಮ್ಯಾನರರನ್ನು ಸೂಚಿಸಿದವನು ತಪ್ಪಿದವನಲ್ಲ. ಇಂದಿಗೂ ಅದೊಂದನ್ನೇ ಸೂಚಿಸುವವನು ತಪ್ಪುತ್ತಾನೆ. ಬರಿಯ ಹೆಸರುಗಳ ಪಟ್ಟಿ ಬೇಗನೆ ಹಳತಾಗುತ್ತದೆ. ಕಾರಣಸಹಿತವಾದ ಸೂಚನೆಯಾದರೋ ಹಳತಾದ ಮೇಲೂ ತನ್ನ ಮಿತಿಯನ್ನು ತಾನೇ ತಿಳಿಸುತ್ತದೆ.

ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ನಡೆಸಿದ ‘ಇಗೋ ಕನ್ನಡ’ ಅಂಕಣವನ್ನು ಇಲ್ಲಿ ಸ್ಮರಿಸಬೇಕು. ಅಲ್ಲಿ ಓದುಗರು ಕೇಳುತ್ತಿದ್ದುದು ನಿರ್ದಿಷ್ಟವಾದ ಪದವನ್ನು ಕುರಿತು. ಆದುದರಿಂದಲೇ ಉತ್ತರಕ್ಕೆ ಸ್ಥಿರತೆ ಬಂದಿತು, ಅವು ಗ್ರಂಥರೂಪಕ್ಕೂ ಅರ್ಹವಾದವು. ಗ್ರಂಥವನ್ನು ಕುರಿತ ಪ್ರಶ್ನೆಗೂ ಅಂತಹ ನಿರ್ದಿಷ್ಟತೆ ಅಸಾಧ್ಯವೇನೂ ಅಲ್ಲ.

ಆದುದರಿಂದ ನಾವು ಸೂಚಿಸುವುದಿಷ್ಟೆ. ಕೇಳುವವನು ತನ್ನ ಉದ್ದೇಶವನ್ನೂ ಈಗಾಗಲೇ ನೋಡಿರುವ ಗ್ರಂಥಗಳನ್ನೂ ಹೇಳಲಿ. ಉತ್ತರಿಸುವವನು ಹೆಸರಿನೊಡನೆ ಕಾರಣವನ್ನೂ ಗ್ರಂಥದ ಕೊರತೆಯನ್ನೂ ಪ್ರಕಟಣೆಯ ವರ್ಷವನ್ನೂ ಹೇಳಲಿ. ಅಪೂರ್ಣವಾದ ಪ್ರಶ್ನೆಯನ್ನು ತಳ್ಳಿಹಾಕದೆ, ತಿದ್ದಿ ತರುವಂತೆ ಹಿಂದಿರುಗಿಸುವುದು ಲೇಸು. ಇದು ಕೇವಲ ಶಿಷ್ಟಾಚಾರದ ಮಾತಲ್ಲ. ತನಗೆ ಸಲ್ಲದ ನಿಘಂಟನ್ನು ನೆಚ್ಚಿದ ವಿದ್ಯಾರ್ಥಿಯ ಪ್ರಬಂಧದಲ್ಲಿ ತಪ್ಪು ಅರ್ಥವೊಂದು ನೆಲೆಗೊಂಡರೆ, ಮುಂದಿನವನು ಅದನ್ನೇ ಪ್ರಮಾಣವಾಗಿ ಎತ್ತಿಕೊಳ್ಳುತ್ತಾನೆ. ಪ್ರಶ್ನೆಯನ್ನು ತಿದ್ದುವ ಕೆಲಸ ಬೋಧನೆಯ ಅಂಗವೇ ಹೊರತು ಅದಕ್ಕೆ ಹೊರಗಿನದಲ್ಲ.